ದಿ. ಗ್ಯಾನಮ್ಮ

ಸಿಂಧನೂರಿನಲ್ಲಿ ಅಮೀನ್‌ಸಾಬ್ ಪೇಂಟರನ ಕೈಯಲ್ಲಿ ಮುಖ ಬರೆಸಿಕೊಳ್ಳಬೇಕೆಂದರೆ ಮೊದಲು ಸಾಯಬೇಕಾಗಿತ್ತು. ಮನೆಯವರು ಹಳೆಯ ಗ್ರೂಪ್ ಫೋಟೋದೊಳಗಿನ ಹೆಬ್ಬೆರಳುಗಾತ್ರದ ಮುಖ ತೋರಿಸುತ್ತಿದ್ದರು. ಆತ ಅದನ್ನು ಗೋಡೆಯಳತೆಗೆ ಹಿಗ್ಗಿಸಿ, ಕೆಳಗೆ ‘ದಿ.’ ಹಾಕಿ ಹೆಸರು ಬರೆಯುತ್ತಿದ್ದ. ಇಪ್ಪತ್ತೆರಡು ವರ್ಷದ ಕಸುಬು. ಆತ ಸುಮ್ಮನೆ ದಿಟ್ಟಿಸಿದರೂ ಮುದುಕರು ಓಣಿ ಬದಲಿಸುತ್ತಿದ್ದರು.

‘ಹೆಣದ ಪೇಂಟರ್’ ಎಂಬ ಈ ಹೆಸರು ತೊಳೆದು ಹೋಗಲಿ ಎಂಬುದೊಂದೇ ಆತನ ಆಸೆ. ೧೯೯೧ರಲ್ಲಿ ಲಿಂಗಸುಗೂರಿನ ಕಲಾ ಸಂಗ್ರಹಾಲಯದವರು ಸಮಕಾಲೀನ ಚಿತ್ರ-ಶಿಲ್ಪ ಪ್ರದರ್ಶನಕ್ಕೆ ಈ ಭಾಗದವರನ್ನು ಕರೆದಾಗ, ಬಸ್‌ಸ್ಟ್ಯಾಂಡಿನಲ್ಲಿ ಒಗ್ಗರಣಿ-ಮಿರ್ಚಿ ಮಾರುವ ಗ್ಯಾನಮ್ಮನ ಮುಂದೆ ಸ್ಟೂಲು ಹಾಕಿ ಕೂತ.

“ನಾ ಇನ್ನೂ ಸತ್ತಿಲ್ಲಲೇ ಅಮೀನಾ.”

“ಅದಕ್ಕ ಬರಿಯಾಕತ್ತೀನಿ ಬೇ.”

“ಹಂಗಾರ ಕೈಯಾಗ ಸೌಟು ಇರ್ಲಿ. ಸುಮ್ಕ ಕುಂತ್ರ ಹೆಣ ಅಂದಾರು.”

ಪ್ರದರ್ಶನದಲ್ಲಿ ತಲೆಯಿಲ್ಲದ ಕರಿಕಲ್ಲಿನ ಶಿಲ್ಪವೊಂದಿತ್ತು. ತಲೆ ಮಸ್ಕಿಯಲ್ಲಿ ಬಸ್ ಬದಲಿಸುವಾಗ ಉಳಿದಿರಬೇಕೆಂದು ಜನ ಮಾತಾಡಿಕೊಂಡರು. ಗುಂಪು ಕಟ್ಟಿದ್ದು ಮಾತ್ರ ಗ್ಯಾನಮ್ಮನ ಚಿತ್ರದ ಮುಂದೆ. ಯಾಕೆಂದು ನೋಡಲು ಹೋದ ಅಮೀನ್‌ಸಾಬ್ ಚಿತ್ರದ ಕೆಳಗೆ ತನ್ನದೇ ಅಕ್ಷರದಲ್ಲಿ ಓದಿದ: ‘ದಿ. ಗ್ಯಾನಮ್ಮ’. ಆ ‘ದಿ.’ ಯಾವಾಗ ಬರೆದೆನೆಂಬುದು ಆತನಿಗೆ ನೆನಪಿರಲಿಲ್ಲ. ಕೈ ತನ್ನ ರೂಢಿಯಂತೆ ಬರೆದಿತ್ತು.

ಕೆರೆದು ಹಾಕಲು ಬ್ಲೇಡು ತರುವಷ್ಟರಲ್ಲಿ ಬೆಂಗಳೂರಿನ ತೀರ್ಪುಗಾರರು ಅಲ್ಲಿದ್ದರು.

“ಆಕಿ ಬದುಕ್ಯಾಳ್ರಿ ಸರ,” ಎಂದ, ತಪ್ಪೊಪ್ಪಿಕೊಳ್ಳಲು.

ತೀರ್ಪುಗಾರರು ಕನ್ನಡಕ ತೆಗೆದರು, ಹಾಕಿದರು. ಬದುಕಿರುವವಳನ್ನು ದಿವಂಗತೆ ಎನ್ನುವುದು ನಮ್ಮ ಕಾಲದ ಮೇಲಿನ ವ್ಯಾಖ್ಯಾನ ಎಂದರು. ಮೊದಲ ಬಹುಮಾನ. ಹೆಗಲಿಗೆ ಶಾಲು ಬಿದ್ದಾಗ ಅಮೀನ್‌ಸಾಬ್ ನಿಜ ಹೇಳಲು ಬಾಯಿ ತೆರೆದ. ‘ಧನ್ಯವಾದ’ ಎಂಬುದು ಹೊರಬಂತು.

ಗ್ಯಾನಮ್ಮನಿಗೆ ಓದು ಬರದು. ಪೇಪರಿನಲ್ಲಿ ಚಿತ್ರ ಕಂಡು ಸಾಲಗುಂದದ ತಂಗಿ ಅಮರಮ್ಮ ಅಳುತ್ತಲೇ ಬಸ್ಸಿಳಿದು, ಬಾಣಲೆಯ ಮುಂದೆ ಅಕ್ಕನನ್ನು ಕಂಡರೂ ಅಳು ನಿಲ್ಲಿಸಲಾರದೆ ಕುಸಿದು ಕೂತಾಗ ವಿಷಯ ತಿಳಿಯಿತು. ಆಮೇಲೆ ಗ್ಯಾನಮ್ಮನ ಕೈಯ ಮಿರ್ಚಿ ತಿನ್ನಲು ಮಂದಿ ಹಿಂದೆಮುಂದೆ ನೋಡಿದರು.

“ಅದನ್ನ ಅಳಸ್ತೀಯೋ ಇಲ್ಲೋ ಅಮೀನಾ?”

“ತಿಂಗಳ ತನಕ ಮುಟ್ಟಂಗಿಲ್ಲಂತ ಬೇ. ಬಹುಮಾನ ಬಂದೈತಿ.”

“ಅದು ನಿನಗ ಬಂತು. ನನಗೇನ್ ಬರತೈತಿ?”

ಬಹುಮಾನ ಬಂದ ಒಂಬತ್ತನೆಯ ದಿನ ಆಕೆಯ ಒಲೆ ಹೊತ್ತಲಿಲ್ಲ. ಚಳಿಜ್ವರ ಎಂದರು ಆಟೋದವರು. ಹದಿಮೂರನೆಯ ದಿನಕ್ಕೆ ಚಿತ್ರದ ಕೆಳಗಿನ ಬರಹದಲ್ಲಿ ತಪ್ಪೇನೂ ಉಳಿದಿರಲಿಲ್ಲ.

ಆಕೆಯ ಮಣ್ಣು ಮುಗಿಸಿ ಅಮೀನ್‌ಸಾಬ್ ಬಂದರೆ ಆತನ ಅಂಗಡಿಯ ಮುಂದೆ ದಢೇಸುಗೂರಿನ ಯಂಕೋಬ ಎಂಬುವನು ಕಾಯುತ್ತಿದ್ದ. ಒಳಗೆ ಬಂದು ಒಂದು ಫೋಟೋ ಇಟ್ಟ. ಟ್ರ್ಯಾಕ್ಟರಿನ ಮೇಲೆ ಕೂತು ನಗುತ್ತಿರುವ, ನಲವತ್ತರ ಗಟ್ಟಿ ಗಂಡಸು.

“ನಮ್ಮಣ್ಣ, ಮೈಲಾರಲಿಂಗಪ್ಪ.”

“ಯಾವಾಗ ತೀರ್ಕೊಂಡ್ರು?”

“ಆರಾಮದಾನ್ರಿ. ಗದ್ದಿಗೆ ನೀರು ಬಿಡಾಕ ಹೋಗ್ಯಾನ.”

ಅಮೀನ್‌ಸಾಬ್ ಫೋಟೋವನ್ನು ಹಿಂದಕ್ಕೆ ನೂಕಿದ. ಯಂಕೋಬ ಅದನ್ನು ಮೆಲ್ಲಗೆ ಮತ್ತೆ ಮುಂದಕ್ಕೆ ಸರಿಸಿದ.

“ಈಗ ಬದುಕಿದ್ದವರ್ದೂ ‘ದಿ.’ ಹಾಕಿ ಬರೀತೀರಂತಲ್ರಿ. ಲಿಂಗಸೂರ ತುಂಬ ನಿಮ್ದ ಹೆಸರು.”

ಆತ ಹೋದಮೇಲೆ ಅಮೀನ್‌ಸಾಬ್ ಬಾಗಿಲು ಹಾಕಿಕೊಳ್ಳಲು ಎದ್ದ. ಹೊರಗೆ ಇನ್ನೂ ನಾಲ್ಕು ಮಂದಿ ಕೈಯಲ್ಲಿ ಒಂದೊಂದು ಫೋಟೋ ಹಿಡಿದು ನಿಂತಿದ್ದರು, ಒಬ್ಬರ ಮುಖ ಒಬ್ಬರು ನೋಡದೆ.