ಹದಿನೇಳನೇ ಕೇಂದ್ರದ ಸೊನ್ನೆ

ಆಫೀಸಿನಲ್ಲಿ ಎಲ್ಲರೂ ನನ್ನನ್ನು ಹೀರೋ ಅನ್ನುತ್ತಾರೆ. ಮುಖ ನೋಡಿ ಅಲ್ಲ, ಬಾಯಿ ನೋಡಿ. ಫೋನ್ ಎತ್ತಿದರೆ 'ಹಲೋ'ಗೆ ಮೊದಲು ಒಂದು ಡೈಲಾಗ್ ಹೊಡೆಯುತ್ತಿದ್ದೆ. ಕೆಲಸ ಮಾತ್ರ ಸಪ್ಪೆ: ಇಪ್ಪತ್ತೆರಡು ಆರೋಗ್ಯ ಕೇಂದ್ರಗಳಲ್ಲಿ ಆ ವಾರ ಜ್ವರದ ಜೊತೆ ದದ್ದು ಎದ್ದವರೆಷ್ಟು, ಅದರಲ್ಲಿ ಬಸುರಿಯರಿಗೆ ತಗುಲಲೇಬಾರದ ರುಬೆಲ್ಲಾ ಎಷ್ಟು ಎಂದು ಕಂಪ್ಯೂಟರಿಗೆ ತುಂಬುವುದು.

ದೇಶದ ಮಕ್ಕಳಿಗೆಲ್ಲ ಅದರ ಲಸಿಕೆ ಶುರುವಾಗಿ ಆರು ವರ್ಷವಾಗಿತ್ತು. ನಮ್ಮ ಮೇಲಧಿಕಾರಿ ಮೇಡಂ ಗೋಡೆಗೆ ಅಂಟಿಸಿದ್ದ ಗ್ರಾಫಿನಲ್ಲಿ ಕಾಯಿಲೆಯ ಕೆಂಪು ಗೆರೆ ಜಾರುಬಂಡೆಯ ಹಾಗೆ ಇಳಿದು ನೆಲ ಮುಟ್ಟಿತ್ತು.

"ಕಾಯಿಲೆ ಇಲ್ದಿದ್ರೂ ಕೇಂದ್ರದವ್ರು 'ಇಲ್ಲ' ಅಂತ ಬರ್ದು ಕಳಿಸ್ಬೇಕು. ಕಳಿಸ್ಲಿಲ್ವಾ, ಆ ಜಾಗ ಖಾಲಿ ಬಿಡು. ನೀನಾಗಿ ಸೊನ್ನೆ ಹಾಕ್ಬೇಡ," ಅನ್ನುತ್ತಿದ್ದರು ಮೇಡಂ.

"ಸೊನ್ನೆ ಹಾಕೋಕೂ ಒಂದು ಗತ್ತು ಬೇಕು ಮೇಡಂ."

"ಗತ್ತು ಆಮೇಲೆ. ಮೊದ್ಲು ಫೋನ್ ಮಾಡಿ ಕೇಳು."

ಆ ಶುಕ್ರವಾರ ಹದಿನೇಳನೇ ಕೇಂದ್ರದ ವರದಿ ಬರಲಿಲ್ಲ. ಎರಡು ಸಲ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಸಂಜೆಗೆ ಹೊಸ ಸಿನಿಮಾದ ಮೊದಲ ದಿನದ ಟಿಕೆಟ್ ಜೇಬಿನಲ್ಲಿತ್ತು. ಸೊನ್ನೆ ಒತ್ತಿ ಓಡಿದೆ. ಮುಂದಿನ ವಾರವೂ ಬರಲಿಲ್ಲ. ಇನ್ನೊಂದು ಸೊನ್ನೆ ಒತ್ತಿದೆ.

ಆ ಕೇಂದ್ರದ ಬೀದಿಯಲ್ಲೇ ನನ್ನ ಅಕ್ಕನ ಶಾಲೆ. ಪುಟ್ಟ ಮಕ್ಕಳ ಟೀಚರ್ ಅವಳು. ಲಸಿಕೆ ಬಂದಾಗ ಕಾಲೇಜು ಮುಗಿಸಿದ್ದಳು, ಅವಳ ವಯಸ್ಸಿನವರಿಗೆ ಅದು ಸಿಕ್ಕಿರಲಿಲ್ಲ. ಎರಡು ಸಲ ಗರ್ಭ ನಿಲ್ಲದೆ, ಮೂರನೆಯದಕ್ಕೆ ಎರಡು ತಿಂಗಳು ತುಂಬಿತ್ತು.

ಭಾನುವಾರ ಬಟ್ಟೆ ಮಡಚುತ್ತಾ ಕೇಳಿದಳು: "ಲೋ, ನನ್ ಕ್ಲಾಸಲ್ಲಿ ಇಬ್ರು ಮಕ್ಳಿಗೆ ಮೈಯೆಲ್ಲಾ ದದ್ದು ಕಣೋ. ನನಗೇನೋ ಭಯ. ರಜಾ ಹಾಕ್ಲಾ?"

ನಾನು ಕಪ್ಪು ಕನ್ನಡಕ ಏರಿಸಿ, ಕಾಲ ಮೇಲೆ ಕಾಲು ಹಾಕಿದೆ. "ಅಕ್ಕಾ, ಈ ಊರಲ್ಲಿ ಒಂದು ದದ್ದು ಏಳ್ಬೇಕಂದ್ರೂ ನನ್ ಪರ್ಮಿಶನ್ ಕೇಳ್ಬೇಕು! ನಿಮ್ಮ ಏರಿಯಾ ಎರಡು ವಾರದಿಂದ ಸೊನ್ನೆ. ಬೆವರುಸಾಲೆ ಇರ್ಬೇಕು, ಹೋಗಿ ಪಾಠ ಮಾಡು."

"ನಿನ್ ತಮ್ಮನ್ನ ಕೇಳಿ ಸೂರ್ಯ ಹುಟ್ತಾನೆ ಬಿಡು," ಅಂದರು ಭಾವ. ಅಕ್ಕ ನಕ್ಕಳು. ಸೋಮವಾರ ಶಾಲೆಗೆ ಹೋದಳು.

ಆ ಸೊನ್ನೆ ನಾನೇ ಹಾಕಿದ್ದು ಎಂಬುದು ಆಗ ನನಗೆ ನೆನಪೂ ಇರಲಿಲ್ಲ.

ಎರಡು ವಾರ ಕಳೆದ ಮೇಲೆ ಅಕ್ಕನ ಮುಖದ ಮೇಲೆ ತೆಳ್ಳಗೆ ಕೆಂಪು ಕಾಣಿಸಿಕೊಂಡು, ಮೂರೇ ದಿನದಲ್ಲಿ ಮಾಯವಾಯಿತು. ಬೆವರುಸಾಲೆ ಅಂದುಕೊಂಡಳು. ನಾನು ಹೇಳಿದ್ದೆನಲ್ಲ.

ತಿಂಗಳು ತುಂಬಿ ಮಗು ಹುಟ್ಟಿತು. ಹೆಣ್ಣು. ಎರಡೂ ಕಣ್ಣಲ್ಲಿ ಬಿಳಿ ಪೊರೆ. ತೊಟ್ಟಿಲ ಹತ್ತಿರ ನಾನು ಎಷ್ಟು ಜೋರಾಗಿ ಶಿಳ್ಳೆ ಹೊಡೆದರೂ ರೆಪ್ಪೆ ಅಲುಗಲಿಲ್ಲ. ರಕ್ತಪರೀಕ್ಷೆಯ ಫಲಿತಾಂಶ ನನ್ನ ಮೇಜಿಗೇ ಬಂತು: ತಾಯಿಯ ಹೊಟ್ಟೆಯಲ್ಲೇ ರುಬೆಲ್ಲಾ ತಗುಲಿದ ಮಗು, ಒಂದು.

"ನಮ್ ಲೆಕ್ಕದಲ್ಲಿ ತಾಯಿಗೆ ತಗುಲಿದ ತಿಂಗ್ಳೆಲ್ಲಾ ಸೊನ್ನೆ. ಮತ್ತೆ ಇದು ಎಲ್ಲಿಂದ ಬಂತೋ ಹೀರೋ?" ಅಂದರು ಮೇಡಂ.

ಹದಿನೇಳನೇ ಕೇಂದ್ರಕ್ಕೆ ಫೋನ್ ಮಾಡಿದೆ. ಡೈಲಾಗ್ ಹೊಡೆಯಲಿಲ್ಲ.

"ಅಮ್ಮ ತೀರ್ಕೊಂಡಿದ್ರು ಸಾರ್, ಎರಡು ವಾರ ರಜೆ ಮೇಲಿದ್ದೆ," ಅಂದರು ನರ್ಸಮ್ಮ. "ವಾಪಸ್ ಬಂದು ನೋಡಿದ್ರೆ ಪುಸ್ತಕದಲ್ಲಿ ಡಾಕ್ಟ್ರು ಬರ್ದಿಟ್ಟ ದದ್ದಿನ ಒಂಬತ್ತು ಮಕ್ಳು. ಎಲ್ರೂ ಲಸಿಕೆ ತಪ್ಪಿಸ್ಕೊಂಡವ್ರು. ಕಳಿಸೋಣ ಅಂತ ಕಂಪ್ಯೂಟರ್ ತೆಗೆದ್ರೆ ಆಗ್ಲೇ ಸೊನ್ನೆ ಬಿದ್ದಿತ್ತು. ಪರೀಕ್ಷೆ ಮಾಡಿ ರುಬೆಲ್ಲಾ ಅಲ್ಲ ಅಂದಿರ್ಬೇಕು ಅಂದ್ಕೊಂಡೆ."

ಮೇಡಂಗೆ ಎಲ್ಲಾ ಹೇಳಿದೆ. ಅವರು ಬೈಯಲಿಲ್ಲ, ಕುರ್ಚಿ ಎಳೆದು ಪಕ್ಕ ಕೂತರು. ನನ್ನ ಕೈಯಿಂದಲೇ ಎರಡು ಸೊನ್ನೆ ಅಳಿಸಿ, ಒಂಬತ್ತು ಮಕ್ಕಳನ್ನು ಒಬ್ಬೊಬ್ಬರಾಗಿ ಸೇರಿಸಿದರು. ನೆಲ ಮುಟ್ಟಿದ್ದ ಕೆಂಪು ಗೆರೆ ಎದ್ದು ನಿಂತಿತು.

ಅಲ್ಲಿಂದ ನೇರ ಅಕ್ಕನ ಮನೆಗೆ ಹೋದೆ. ಅವಳು ಮಗುವಿನ ಬಟ್ಟೆ ಮಡಚುತ್ತಿದ್ದಳು.

"ಅಕ್ಕಾ, ಅವತ್ತು ಹೇಳಿದ್ನಲ್ಲ, ಆ ಸೊನ್ನೆ... ಯಾರೂ ಕಳಿಸಿರ್ಲಿಲ್ಲ. ನಾನೇ ಹಾಕಿದ್ದು. ಸಿನಿಮಾಗೆ ಹೊತ್ತಾಯ್ತು ಅಂತ."

ಅವಳ ಕೈ ನಿಂತಿತು. ಅರ್ಧ ಮಡಚಿದ ಬಟ್ಟೆ ಪಕ್ಕಕ್ಕಿಟ್ಟಳು.

"ಗೊತ್ತಿಲ್ಲ ಅಂದಿದ್ರೆ ಸಾಕಿತ್ತು ಕಣೋ," ಅಂದಳು. "ನಾನು ರಜಾ ಹಾಕ್ತಿದ್ದೆ."

ತೊಟ್ಟಿಲಲ್ಲಿ ಮಗು ಅಳತೊಡಗಿತು. ಅಕ್ಕ ಏಳಲು ಹೋಗಿ ಹಾಗೇ ಕೂತುಬಿಟ್ಟಳು.

"ಎತ್ಕೋ ಹೋಗು. ಮೊದ್ಲು ಪಾದ ಮುಟ್ಟು, ಇಲ್ಲಾಂದ್ರೆ ಬೆಚ್ಚಿಬೀಳ್ತಾಳೆ."

ನಾನು ಬಾಯಿ ತೆರೆಯದೆ ಪಾದ ಮುಟ್ಟಿದೆ.