ಹದಿನೆಂಟು ಸೆಕೆಂಡಿನ ಚರಣ

ಪೋರ್ಟೊರಿಕೊದ ಪೋನ್ಸೆ ಪಟ್ಟಣದಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ರೇಡಿಯೋದಲ್ಲಿ ಹೊಸ ಹಾಡುಗಳ ಗುಣದೋಷ ಹೇಳುವವರು ಸೊರೈದಾ. ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು; ಮೂರು ಸಲ ಕೇಳದೆ ಯಾವ ಹಾಡಿನ ಬಗ್ಗೆಯೂ ಬಾಯಿ ಬಿಡುತ್ತಿರಲಿಲ್ಲ. ಈ ವಾರದ ಹಾಡನ್ನು ಒಂಬತ್ತು ಸಲ ಕೇಳಿದ್ದರು. ಹಾಡಿದವಳು ಯಾರೆಲಿಸ್. ಜ್ಞಾನಸ್ನಾನದ ದಿನ ಅವಳನ್ನು ಎತ್ತಿಕೊಂಡು ನಿಂತು ಅವಳ ಮದ್ರೀನಾ, ಅಂದರೆ ಧರ್ಮತಾಯಿ, ಆದವರು ಇವರೇ.

ಅದು ಯಾರೆಲಿಸಳ ಮೊದಲ ಇಂಗ್ಲಿಷ್ ಪ್ರೇಮಗೀತೆ. ನ್ಯೂಯಾರ್ಕಿನ ಒಂದು ಪತ್ರಿಕೆ ಕುಂದಿಲ್ಲದ ಕಂಠ ಎಂದಿತ್ತು, ಇನ್ನೊಂದು ಸಕ್ಕರೆ ಜಾಸ್ತಿ ಎಂದು ಹತ್ತಕ್ಕೆ ಆರು ಕೊಟ್ಟಿತ್ತು. ಊರು ಕಾಯುತ್ತಿದ್ದದ್ದು ಸೊರೈದಾರ ಮಾತಿಗೆ. ಸುಮ್ಮನೆ ಹೊಗಳಿದರೆ ಹನ್ನೆರಡು ವರ್ಷ ಉಳಿಸಿಕೊಂಡ ಮಾತಿನ ತೂಕ ಹೋಗುತ್ತದೆ. ತೆಗಳಿದರೆ ಮಗಳಂಥವಳು ದೂರವಾಗಬಹುದು.

"ಎರಡನೇ ಚರಣ ಹದಿನೆಂಟು ಸೆಕೆಂಡ್ ಇದೆ," ಎಂದರು ಮೈಕಿನಲ್ಲಿ. "ಎಲ್ಲೂ ಉಸಿರು ಎಳ್ಕೊಂಡ ಸದ್ದಿಲ್ಲ. ರೆಕಾರ್ಡ್ ಮಾಡಿದ ಮಯಾಮಿ ಸ್ಟುಡಿಯೋದ ಯಂತ್ರ ಅದನ್ನ ಕತ್ತರಿಸಿ ಹಾಕಿದೆ. ಉಸಿರಾಡದ ಪ್ರೀತಿ ನಂಗೆ ಬೇಡ."

ಗಾಜಿನಾಚೆ ಕೂತಿದ್ದ ಧ್ವನಿ ತಂತ್ರಜ್ಞ ಎರಿಬೆರ್ತೊ ಕೈಯೆತ್ತಿದ. "ಟೀಚರ್, ಯಾರೆಲಿಸ್ ಲೈನಲ್ಲಿದಾಳೆ. ಕೊಡ್ಲಾ, ಕಟ್ ಮಾಡ್ಲಾ?"

"ಕೊಡಪ್ಪಾ."

"ಆಶೀರ್ವಾದ ಮಾಡಿ, ಮದ್ರೀನಾ."

ಆ ಊರಲ್ಲಿ ಹಿರಿಯರೊಡನೆ ಮಾತು ಶುರುವಾಗುವುದೇ ಹಾಗೆ. ಆಶೀರ್ವಾದ ಕೇಳದೆ ಮಾತಿಗಿಳಿದರೆ ನಂಟು ಕಡಿದಂತೆ. ಸೊರೈದಾರ ಎದೆ ತುಸು ಹಗುರಾಯಿತು.

"ದೇವರು ಚೆನ್ನಾಗಿಟ್ಟಿರ್ಲಿ. ಕೋಪಾನಾ?"

"ಮತ್ತಿನ್ನೇನು? ಯಂತ್ರಾನೂ ಇಲ್ಲ, ಕತ್ತರೀನೂ ಇಲ್ಲ. ಒಂದೇ ಉಸಿರಲ್ಲಿ ಹಾಡಿದ್ದು ನಾನು. ಕ್ರಿಸ್‌ಮಸ್‌ನಲ್ಲಿ ಮನೆ ಮನೆ ಮುಂದೆ ಹಾಡ್ತಿದ್ವಲ್ಲ, ಬಾಗಿಲು ತೆಗೆಯೋವರೆಗೂ ಪಲ್ಲವಿ ತುಂಡಾಗಬಾರ್ದು ಅಂತ ನನ್ನ ಅಂಗಾತ ಮಲಗ್ಸಿ, ಹೊಟ್ಟೆ ಮೇಲೆ ಪುಸ್ತಕ ಇಟ್ಟು ಅಭ್ಯಾಸ ಮಾಡ್ಸಿದ್ದು ಯಾರು? ಪಕ್ಕದ ಬೀದಿಯ ಆ ಸಿಕ್ಸ್‌ತೋ ತಾತ ಬಾಗಿಲು ತೆಗೆಯೋಕೆ ಬೇಕಂತ್ಲೇ ತಡ ಮಾಡ್ತಿದ್ರು."

"ಹಾಡು ನೋಡೋಣ," ಎಂದು ಸೊರೈದಾ ಕೈಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡರು.

ಯಾರೆಲಿಸ್ ಹಾಡಿದಳು. ಹತ್ತೊಂಬತ್ತು ಸೆಕೆಂಡ್.

"ಕೇಳುಗರೇ," ಎಂದರು ಸೊರೈದಾ, "ಪ್ರಯೋಗ ಮಾಡ್ದೇನೇ ಫಲಿತಾಂಶ ಬರೆದ್ಬಿಟ್ಟೆ. ತಪ್ಪು ನಂದು. ಯಂತ್ರದ ಮಾತು ವಾಪಸ್."

"ಹಾಗಾದ್ರೆ ಹಾಡು ಚೆನ್ನಾಗಿದೆ ಅನ್ನಿ."

"ಚರಣ ಚೆನ್ನಾಗಿದೆ. ಪಿಟೀಲು ಜಾಸ್ತಿ. ಹತ್ತಕ್ಕೆ ಏಳು."

"ಬರೀ ಏಳಾ? ಸ್ವಂತ ಮದ್ರೀನಾ ನೀವು."

"ಅದಕ್ಕೇ ಏಳು. ಬೇರೆ ಯಾರಾದ್ರೂ ಹಾಡಿದ್ರೆ ಏಳೂವರೆ ಕೊಡ್ತಿದ್ದೆ."

ಯಾರೆಲಿಸ್ ನಕ್ಕಿದ್ದು ಇಡೀ ಪೋನ್ಸೆಗೆ ಕೇಳಿಸಿತು.