ಬಡಗಿಗೆ ಬಂದ ಎರಡು ಕೊಡ ತೂಕ

ದರ್ಜಿ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದರೂ ಮನಸ್ಸೆಲ್ಲ ನೀರಿನ ಮೇಲಿತ್ತು. ಗಂಡ ದೋಣಿ ಕಟ್ಟುವ ಬಡಗಿ, ಆಳು ಕಡ್ಡಿ ಪೈಲ್ವಾನ. ಬಿಡುವು ಸಿಕ್ಕರೆ ಸಾಕು, ತಾನೇ ಮಾಡಿದ ಪುಟ್ಟ ಕ್ಯಾಟಮರಾನ್ ಹತ್ತಿ ಒಬ್ಬನೇ ಹೊರಡುತ್ತಿದ್ದ. ಎರಡು ಉದ್ದನೆಯ ಒಡಲು ಪಕ್ಕಪಕ್ಕ ಜೋಡಿಸಿದ ಆ ಹಾಯಿದೋಣಿ ಹೋದ ವಾರ ಮಗುಚಿತ್ತು. ಎತ್ತಲಾಗದೆ, ಯಾರೋ ಬರುವವರೆಗೆ ಎರಡು ಗಂಟೆ ಅದನ್ನೇ ತಬ್ಬಿಕೊಂಡು ತೇಲಿದ್ದ.

“ಮಾರಿಬಿಡಿ ಅದನ್ನ,” ಎಂದಳು ಅಕ್ಕ.

“ಮಾರಿ ನಾನೇನು ನಿನ್ನ ಪಕ್ಕ ಕೂತು ಗುಂಡಿ ಹಚ್ಚಲಾ?”

ಮಾತು ಜೋರಾಗಿತ್ತು, ಮುಖ ಮಾತ್ರ ಸಣ್ಣದಾಗಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಲೈಫ್‌ಗಾರ್ಡ್ ಹುಡುಗಿ ಹೊಲಿಯಲು ಕೊಟ್ಟ ಯೂನಿಫಾರಂ ಒಯ್ಯಲು ಬಂದಳು.

“ಭಾವ, ಲೈಫ್ ಜಾಕೆಟ್ ಹಾಕಿದ್ರಿ, ದೋಣಿ ಬಿಟ್ಟು ಈಜಲಿಲ್ಲ, ಒಳ್ಳೇದೇ ಆಯ್ತು. ಆದ್ರೆ ಹಾಯಿ ಹಗ್ಗ ಸಡಿಲ ಬಿಟ್ರಾ?”

“ಎರಡು ಗಂಟು ಹಾಕಿದ್ದೆ. ನಾನು ಕಟ್ಟಿದ್ದು ಬಿಚ್ಚಿಕೊಂಡ ಚರಿತ್ರೆಯೇ ಇಲ್ಲ!”

“ಬಾಗಿಲಿಗೆ ಚಿಲಕ ಇಡ್ತೀರೋ, ಮೊಳೆ ಹೊಡೀತೀರೋ? ಬಿಗಿದ ಹಾಯಿ ನೀರನ್ನೇ ಮೊಗೆದು ಹಿಡ್ಕೊಳ್ಳುತ್ತೆ, ಏಳೋದು ಹೇಗೆ? ಮೊದಲು ಹಗ್ಗ ಸಡಿಲಿಸಿ. ಮುಂತುದಿ ಹಿಡಿದು ಜೋತುಬೀಳಿ, ದೋಣಿ ತಾನೇ ಗಾಳಿಗೆ ಮುಖ ತಿರುಗಿಸುತ್ತೆ. ಆಮೇಲೆ, ಪಕ್ಕಕ್ಕೆ ಮಲಗಿದ ದೋಣಿಯ ಮೇಲಿನ ಒಡಲಿನ ಮೇಲಿಂದ ಇನ್ನೊಂದು ಹಗ್ಗ ತಂದು, ಕೆಳಗಿನ ಒಡಲ ಮೇಲೆ ನಿಂತು, ಅದನ್ನು ಹಿಡಿದು ಹಿಂದಕ್ಕೆ ವಾಲಿ.”

“ವಾಲಿದೆನಮ್ಮಾ. ಜಪ್ಪಯ್ಯ ಅಂದ್ರೂ ಅಲ್ಲಾಡಲಿಲ್ಲ.”

“ನಿಮ್ಮ ತೂಕ ಸಾಲದು. ಹಗುರ ಇರೋರು ಒಂದು ಚೀಲ ಒಯ್ತಾರೆ. ಅದಕ್ಕೆ ನೀರು ತುಂಬಿ, ಹೆಗಲಿಗೆ ಹಾಕಿ ವಾಲ್ತಾರೆ. ಕೊರಳಿಗಲ್ಲ ಮತ್ತೆ! ತಟ್ಟನೆ ಜಾರಿಸೋ ಹಾಗಿರಬೇಕು.”

ಅಕ್ಕ ಹಳೆಯ ಹಾಯಿಬಟ್ಟೆ ಹುಡುಕಿ, ಎರಡು ಕೊಡ ನೀರು ಹಿಡಿಯುವ ಚೀಲ ಹೊಲಿದಳು. ಅದಕ್ಕೆ ಎರಡೆರಡು ಸಲ ಹೊಲಿಗೆ ಹಾಕಿದಳು.

“ನನ್ನ ಕಣ್ಣೆದುರು ಎತ್ತಿ ತೋರಿಸಿ. ಆಗದಿದ್ರೆ ಮಾರೋದೇ.”

ಭಾನುವಾರ ದಡದ ಹತ್ತಿರವೇ ಬಡಗಿ ಬೇಕೆಂದೇ ದೋಣಿ ಮಗುಚಿದ. ಲೈಫ್‌ಗಾರ್ಡ್ ದೋಣಿ ಪಕ್ಕದಲ್ಲಿತ್ತು, ಅದರಲ್ಲಿ ಅಕ್ಕ ಕೂತಿದ್ದಳು. ಅವನು ಹಗ್ಗ ಸಡಿಲಿಸಿದ, ಮುಂತುದಿಯನ್ನು ಗಾಳಿಗೆ ತಿರುಗಿಸಿದ, ವಾಲಿದ. ದೋಣಿ ಅರ್ಧ ಎದ್ದು ಮತ್ತೆ ಮಲಗಿತು.

“ಚೀಲ ರೀ, ಚೀಲ! ಜಂಬ ಆಮೇಲೆ!” ಅಕ್ಕ ಕೂಗಿದಳು.

ಚೀಲ ತುಂಬಿತು, ಹೆಗಲೇರಿತು. ಹಾಯಿಕಂಬ ನೀರು ಬಿಟ್ಟು ಮೆಲ್ಲಗೆ ಮೇಲೆದ್ದಿತು.

“ಭಾವ, ಚೀಲ ಬಿಡಿ, ಒಡಲುಗಳ ನಡುವಿನ ಅಡ್ಡಪಟ್ಟಿ ಹಿಡ್ಕೊಳ್ಳಿ! ಇಲ್ಲಾಂದ್ರೆ ಆ ಕಡೆಗೆ ಮಗುಚುತ್ತೆ, ಅಥವಾ ನಿಮ್ಮನ್ನೇ ಬಿಟ್ಟು ಹೊರಟುಬಿಡುತ್ತೆ!”

ಹಿಡಿದುಕೊಂಡ. ಹತ್ತಿದ. ಒದ್ದೆ ಕೋಳಿಯ ಹಾಗೆ ಕೂತು ನಕ್ಕ.

“ಮೂವತ್ತು ವರ್ಷ ಬಡಿಸಿದ್ರೂ ಮೈಗೆ ಹತ್ತದ ತೂಕ,” ಎಂದು ಅಕ್ಕ ಕಣ್ಣೊರೆಸಿಕೊಂಡಳು, “ಒಂದು ಚೀಲದಿಂದ ಬಂತು ನೋಡಿ!”

ಒಬ್ಬರೇ ಹಾಯಿ ಎತ್ತಿ ಹೊರಡುವವರೇ, ಇದನ್ನು ಓದಿದ ಮಾತ್ರಕ್ಕೆ ಕಲಿತಂತಾಗಲಿಲ್ಲ. ಈ ವಾರವೇ ಬಲ್ಲವರೊಬ್ಬರನ್ನು ಪಕ್ಕದಲ್ಲಿಟ್ಟುಕೊಂಡು, ದಡದ ಬಳಿ ನಿಮ್ಮ ದೋಣಿಯನ್ನು ನೀವೇ ಮಗುಚಿ, ನೀವೇ ಎತ್ತಿ ನೋಡಿ. ಏಳದಿದ್ದರೆ ನಾಚಬೇಡಿ, ಚೀಲ ಹೊಲಿಸಿಕೊಳ್ಳಿ. ದಡದಲ್ಲಿ ನಿಮಗಾಗಿ ಕಾಯುವವರು ಇದ್ದಾರೆ.